ತಣ್ಣಗಿದ್ದೇನೆ ಎಂದ ಒಲೆ

ಆಷಾಢದ ಗಾಳಿ ಎದ್ದ ವಾರವೇ ನೀಲವ್ವನ ರೊಟ್ಟಿ ಕರಕಲಾಗತೊಡಗಿದವು.

ಮೊದಲ ದಿನ ಅವಳು ಹಿಟ್ಟಿನ ಮೇಲೆ ತಪ್ಪು ಹೊರಿಸಿದಳು, ಮರುದಿನ ತನ್ನ ಕೈಯ ಮೇಲೆ. ಅಂದು ಬೆಳಿಗ್ಗೆ ಮಾತ್ರ, ಒಲೆಯೊಳಗಿಟ್ಟ ರೊಟ್ಟಿ ಬಾಗಿಲು ಮುಚ್ಚಿ ತೆರೆಯುವಷ್ಟರಲ್ಲಿ ಇದ್ದಲಾದದ್ದನ್ನು ಕಂಡು, ಆಫೀಸಿಗೆ ಹೊರಟಿದ್ದ ಸೊಸೆಯನ್ನು ಅಡುಗೆಮನೆಗೆ ಕರೆದಳು.

“ನೋಡಿಲ್ಲೆ. ಒಲಿ ಮುಖದ ಮ್ಯಾಲೆ ನೂರಾ ಹತ್ತು ಡಿಗ್ರಿ ಅಂತ ತೋರಸಾಕತ್ತೈತಿ. ಅಷ್ಟು ಕಾವಿಗೆ ರೊಟ್ಟಿ ಬೇಯೂದ ಇಲ್ಲ, ಸುಡೂ ಮಾತೆಲ್ಲಿ?”

ಶಿವಲೀಲಾ ಕೈಚೀಲವನ್ನು ಕೆಳಗಿಟ್ಟಳು. ಊರಿನ ಒಲೆಗಳನ್ನೆಲ್ಲ ನೋಡಿಕೊಳ್ಳುವ ಕಾವು ಕೇಂದ್ರದಲ್ಲಿ ಅವಳು ಎಂಜಿನಿಯರು. ಅತ್ತೆ ಹೇಳಿದ್ದು ಅವಳಿಗೆ ಒಗಟಿನಂತೆ ಕೇಳಿಸಿತು.

ಗದಗ-ಬೆಟಗೇರಿಯ ಮನೆಮನೆಯಲ್ಲೂ ಆಗ ಇಂಥದೇ ಒಲೆಯಿತ್ತು. ಸರಕಾರ ಅದಕ್ಕೆ ಉಷ್ಣಸಂಚಯ ಘಟಕ ಎಂದು ಹೆಸರಿಟ್ಟಿತ್ತು, ಜನ ಗಟ್ಟಿಒಲೆ ಎನ್ನುತ್ತಿದ್ದರು. ಬಟ್ಟೆ ಇಡುವ ಕಪಾಟಿನಷ್ಟು ಎತ್ತರದ ತಗಡಿನ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಎರಡು ಕ್ವಿಂಟಲ್ ತೂಕದ ಇಟ್ಟಿಗೆಗಳ ಒಟ್ಟಿಲು, ಅವುಗಳ ನಡುವೆ ಹಾಯ್ದ ಕಾಯಿಲು, ಅಂದರೆ ಕರೆಂಟು ಹರಿದರೆ ಕೆಂಪಗೆ ಕಾಯುವ ತಂತಿಸುರುಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಊರಿಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಹುಟ್ಟಿಸಿದಾಗ, ಆ ಹೆಚ್ಚಿನದೆಲ್ಲ ಈ ಕಾಯಿಲುಗಳಿಗೆ ಹರಿದು ಇಟ್ಟಿಗೆಗಳನ್ನು ಕಾಯಿಸಿಡುತ್ತಿತ್ತು. ಗಾಳಿ ಬಿದ್ದ ದಿನ, ಒಂದು ನಾಬು ತಿರುವಿದರೆ ಸಾಕು, ಫ್ಯಾನು ಆ ಕಾವನ್ನು ಮೇಲಿನ ಅಡುಗೆಗೂಡಿಗೆ ತಂದು ಕೊಡುತ್ತಿತ್ತು. ಸಿಲಿಂಡರಿನ ಕಾಲ ಮುಗಿದಿತ್ತು. ದಿನಗಟ್ಟಲೆ ಗಾಳಿ ಬೀಸದಿದ್ದರೂ ಊರಿನ ಯಾವ ಮನೆಯಲ್ಲೂ ಅಡುಗೆ ನಿಲ್ಲುತ್ತಿರಲಿಲ್ಲ. ಇಟ್ಟಿಗೆಗಳ ನಡುವೆ ಹುಗಿದ ಒಂದು ಜೋಡಿ ತಂತಿ ಒಳಗಿನ ಕಾವನ್ನು ಅಳೆದು, ಒಲೆಯ ಮುಖಕ್ಕೂ ಕಾವು ಕೇಂದ್ರಕ್ಕೂ ತಿಳಿಸುತ್ತಿತ್ತು.

ಶಿವಲೀಲಾ ಒಂದು ಚಿಟಿಕೆ ಹಿಟ್ಟನ್ನು ಗೂಡಿನೊಳಗೆ ಉದುರಿಸಿದಳು. ಅದು ತಗಡಿಗೆ ತಾಗಿದ್ದೇ ತಡ, ಕಪ್ಪಾಗಿ ಹೊಗೆಯಾಡಿತು. ಒಲೆಯ ಹಿಂದಿನ ಗೋಡೆ ಮುಟ್ಟಿ ನೋಡಿ ಸರಕ್ಕನೆ ಕೈ ಹಿಂದೆಗೆದಳು. ಅಲ್ಲಿನ ಸುಣ್ಣ ಕಂದಿ ಹಳದಿಯಾಗಿತ್ತು.

ಮೀಟರು ತಂದು ಒಂದೊಂದೇ ಭಾಗ ನೋಡತೊಡಗಿದಳು. ಕಾಯಿಲಿಗೆ ಕರೆಂಟು ಬಿಡುವ ಕಾಂಟ್ಯಾಕ್ಟರು ಅಂಟಿಕೊಂಡಿರಬೇಕು ಎಂಬುದು ಅವಳ ಮೊದಲ ಗುಮಾನಿ. ಅಂಟಿರಲಿಲ್ಲ. ಹೇಳಿದಾಗ ಹಿಡಿಯುತ್ತಿತ್ತು, ಹೇಳಿದಾಗ ಬಿಡುತ್ತಿತ್ತು. ಕಾಯಿಲಿನಿಂದ ತಗಡಿಗೆ ಕರೆಂಟು ಸೋರುತ್ತಿರಲಿಲ್ಲ. ಕಾವು ಅಳೆಯುವ ತಂತಿ ಕಡಿದಿದ್ದರೆ ಮುಖದ ಮೇಲೆ ಅಂಕಿಯ ಬದಲು ಬರೀ ಗೆರೆಗಳು ಬರಬೇಕಿತ್ತು, ಅದೂ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯಾಗಿತ್ತು.

ಒಲೆಯ ಹಿಂಬದಿಗೆ ಟಾರ್ಚು ಹಿಡಿದಾಗ ಮಾತ್ರ ಅವಳು ಇನ್ನಷ್ಟು ಬಗ್ಗಿ ನೋಡಿದಳು. ಅಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಅದಕ್ಕೂ ಉಳಿದ ಯಂತ್ರಕ್ಕೂ ಸಂಬಂಧವಿಲ್ಲ. ಕಾವು ಮಿತಿ ಮೀರಿದರೆ ತಾನೇ ಹೊರಗೆ ನೆಗೆದು ಕಾಯಿಲಿನ ಕರೆಂಟು ಕಡಿಯುವುದು ಅದರ ಕೆಲಸ. ಅದನ್ನು ಯಾರೋ ಒಳಗೆ ಒತ್ತಿ, ಮತ್ತೆ ನೆಗೆಯದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು.

“ಇದನ್ನ ಯಾರು ಹಾಕಿದ್ರು, ಅತ್ತಿ?”

ನೀಲವ್ವ ಮುಚ್ಚಿಡಲಿಲ್ಲ. ಹೋದ ತಿಂಗಳಿಂದ ಆ ಗುಂಡಿ ದಿನ ಬಿಟ್ಟು ದಿನ ನೆಗೆಯುತ್ತಿತ್ತಂತೆ. ನೆಗೆದಾಗಲೆಲ್ಲ ಒಲೆ ಹೊಸ ಕಾವು ತೆಗೆದುಕೊಳ್ಳುವುದನ್ನು ಬಿಡುತ್ತಿತ್ತು. ಅವಳು ರೊಟ್ಟಿ ಮಾಡಿ ಮಾರುವವಳು, ಹಾಸ್ಟೆಲಿನ ಹುಡುಗಿಯರಿಗೆ ದಿನವೂ ರೊಟ್ಟಿ ಹೋಗಲೇಬೇಕಲ್ಲ. ಸಹಾಯವಾಣಿಗೆ ಫೋನು ಮಾಡಿದರೆ, ನಿಮ್ಮ ಒಲೆಯ ಕಾವು ಸರಿಯಿದೆ, ಗುಂಡಿಯೇ ಹಾಳಾಗಿರಬೇಕು, ಜನ ಬರುತ್ತಾರೆ ಎಂದಿದ್ದರು. ಯಾರೂ ಬರಲಿಲ್ಲ. ಮಗ ರೈಲ್ವೆ ಕೆಲಸದ ಮೇಲೆ ಗುಂತಕಲ್ಲಿನಲ್ಲಿದ್ದ, ಸೊಸೆ ಮನೆಗೆ ಬರುವಷ್ಟರಲ್ಲಿ ಸೋತಿರುತ್ತಿದ್ದಳು. ಓಣಿಯ ಹೆಂಗಸರೇ ಈ ಉಪಾಯ ಹೇಳಿಕೊಟ್ಟಿದ್ದರು.

“ಓಣಿಯೊಳಗ ಎಷ್ಟು ಮಂದಿ ಹಾಕ್ಯಾರ?”

“ಯಾರು ಹಾಕಿಲ್ಲ ಅಂತ ಕೇಳು,” ಎಂದಳು ನೀಲವ್ವ.

ಶಿವಲೀಲಾ ಕ್ಲಿಪ್ಪು ಕಿತ್ತಳು. ಗುಂಡಿ ಟಪ್ಪೆಂದು ಹೊರಗೆ ನೆಗೆಯಿತು. ಅಷ್ಟಕ್ಕೇ ನಂಬಿಕೆ ಸಾಲದೆ ಒಲೆಯ ಮೇನ್ ಸ್ವಿಚ್ಚು ಇಳಿಸಿ, ಕಾಯಿಲಿನ ಎರಡೂ ವೈರುಗಳನ್ನು ಬಿಚ್ಚಿ ಟೇಪು ಸುತ್ತಿದಳು. ಆಮೇಲೆ ಫ್ಯಾನಿಗಾಗಿ ಮತ್ತೆ ಮೇನು ಏರಿಸಿ, ಗೂಡಿನ ಬಾಗಿಲು ತೆರೆದಿಟ್ಟಳು. ಸೊಂಯ್ಯೆಂದು ಬಿಸಿಗಾಳಿ ಅಡುಗೆಮನೆ ತುಂಬಿತು. ಆಗಲೇ ಅವಳು ಅದನ್ನು ಕಂಡದ್ದು. ಫ್ಯಾನು ನಿಂತಿದ್ದಾಗ ಇನ್ನೂರರ ಹತ್ತಿರ ಇದ್ದ ಅಂಕಿ, ಫ್ಯಾನು ತಿರುಗಿದ ಕೂಡಲೇ ಸರಸರನೆ ಇಳಿದು ನೂರಕ್ಕೆ ಬಂತು. ನಿಲ್ಲಿಸಿದಳು, ಏರಿತು. ಹಾಕಿದಳು, ಇಳಿಯಿತು.

ಎರಡು ಕ್ವಿಂಟಲ್ ಇಟ್ಟಿಗೆ ಹೀಗೆ ಗಳಿಗೆಗೊಮ್ಮೆ ಕಾದು ಗಳಿಗೆಗೊಮ್ಮೆ ತಣ್ಣಗಾಗುವುದು ಸಾಧ್ಯವೇ ಇರಲಿಲ್ಲ. ತಂತಿ ಅಳೆಯುತ್ತಿದ್ದದ್ದು ಇಟ್ಟಿಗೆಯನ್ನಲ್ಲ, ಬೇರೆ ಏನನ್ನೋ. ಫ್ಯಾನು ನಿಲ್ಲಿಸಬೇಡ, ಬಾಗಿಲು ಮುಚ್ಚಬೇಡ, ಗುಂಡಿ ಮುಟ್ಟಬೇಡ ಎಂದು ಅತ್ತೆಗೆ ಹೇಳಿ ಅವಳು ಸ್ಕೂಟರು ಹತ್ತಿದಳು. ಬೀದಿಯಲ್ಲಿ ಗಾಳಿ ಆಗಲೇ ತಗಡು ಬಡಿಯುತ್ತಿತ್ತು.

*

ಕಾವು ಕೇಂದ್ರದ ದೊಡ್ಡ ಕೋಣೆಯ ಗೋಡೆಯ ತುಂಬ ಊರಿನ ನಕ್ಷೆ. ಮನೆಗೊಂದು ಚುಕ್ಕೆ, ಒಟ್ಟು ನಲವತ್ತು ಸಾವಿರ. ಕಾವು ತುಂಬಿದ ಒಲೆಗೆ ಕಿತ್ತಳೆ ಬಣ್ಣ, ಬರಿದಾದದ್ದಕ್ಕೆ ನೀಲಿ. ಕರೆಂಟು ಹಂಚುವುದನ್ನು ಯಂತ್ರವೇ ಮಾಡುತ್ತಿತ್ತು. ಅದರ ನಿಯಮ ಬಹಳ ಸರಳ: ಎಲ್ಲಕ್ಕಿಂತ ತಣ್ಣಗಿರುವ ಒಲೆಗೆ ಮೊದಲು. ಹಸಿದವರಿಗೆ ಮೊದಲು ಊಟ ಎಂದು ಮಂತ್ರಿಗಳು ಉದ್ಘಾಟನೆಯ ದಿನ ಅದನ್ನು ಹೊಗಳಿದ್ದರು.

ಶಿವಲೀಲಾ ತನ್ನ ಮನೆಯ ಚುಕ್ಕೆ ಹುಡುಕಿದಳು. ಅದು ಕಡುನೀಲಿಯಾಗಿತ್ತು. ಗೋಡೆಯ ಸುಣ್ಣ ಕಂದಿಸಿದ ಒಲೆ, ಹೊಟ್ಟೆಗಿಲ್ಲದೆ ಸಾಯುತ್ತಿದ್ದೇನೆ ಎಂದು ಸಾರುತ್ತಿತ್ತು. ವಾರದಿಂದ ಯಂತ್ರ ಅದಕ್ಕೆ ಬಿಡುವಿಲ್ಲದೆ ಉಣಿಸಿತ್ತು. ಅವಳಿಗೆ ಒಮ್ಮೆಗೇ ಇಡೀ ಅನಾಹುತ ಕಣ್ಣೆದುರು ನಿಂತಿತು. ಸುಳ್ಳು ಹೇಳುವ ಒಲೆ ಎಷ್ಟಿದ್ದರೂ ಈ ನಿಯಮ ಅವನ್ನೇ ಹುಡುಕಿ ಹುಡುಕಿ ತುಂಬುತ್ತದೆ. ನಕ್ಷೆಯ ಮೇಲೆ ನೀಲಿ ಚುಕ್ಕೆಗಳು ಸಾವಿರಾರು ಇದ್ದವು. ಅವುಗಳಲ್ಲಿ ನಿಜವಾಗಿ ಬರಿದಾದ ಒಲೆ ಯಾವುದು, ಒಳಗೇ ಕುದಿಯುತ್ತಿರುವುದು ಯಾವುದು?

ಕೆಳಗಿನ ಪ್ರಯೋಗಶಾಲೆಯಲ್ಲಿ ಹಸೀನಾ ಮುಲ್ಲಾ ಇದ್ದಳು. ಊರಿಂದ ವಾಪಸು ಬಂದ ಹಳೆಯ ಒಲೆಗಳನ್ನು ಬಿಚ್ಚಿ ಪರೀಕ್ಷಿಸುವುದು ಅವಳ ವಿಭಾಗ. ಶಿವಲೀಲಾ ಹೇಳಿದ್ದನ್ನು ಪೂರ್ತಿ ಕೇಳುವ ಮೊದಲೇ ಅವಳು ಕಟರು ಎತ್ತಿಕೊಂಡು ಒಂದು ಹಳೆಯ ಒಲೆಯ ಬೆನ್ನು ಕೊಯ್ದಳು. ಇಟ್ಟಿಗೆಯಿಂದ ಹೊರಟ ಜೋಡಿತಂತಿ ಫ್ಯಾನಿನ ಬಾಯಿಯ ಹತ್ತಿರ ಒಂದು ತಗಡಿನ ಅಂಚನ್ನು ದಾಟಿ ಮೇಲೆ ಹೋಗುತ್ತದೆ. ಅವಳು ಅಲ್ಲಿ ಬೆರಳಿಟ್ಟು ತೋರಿಸಿದಳು. ವರ್ಷಾನುಗಟ್ಟಲೆ ಫ್ಯಾನಿನ ನಡುಕಕ್ಕೆ ತಂತಿಯ ಮೇಲಿನ ಕವಚ ಆ ಅಂಚಿಗೆ ಉಜ್ಜಿ ಉಜ್ಜಿ ಸವೆದುಹೋಗಿತ್ತು. ಎರಡೂ ತಂತಿ ಬತ್ತಲಾಗಿ ಒಂದಕ್ಕೊಂದು ತಾಕಿಕೊಂಡಿದ್ದವು.

ಕಾವು ಅಳೆಯುವ ಈ ತಂತಿಗಳ ಗುಣವೇ ಹಾಗೆ. ಎರಡು ಬೇರೆ ಬೇರೆ ಲೋಹದ ಎಳೆಗಳು, ತುದಿಯಲ್ಲಿ ಬೆಸುಗೆ. ಬೆಸುಗೆ ಇರುವ ಜಾಗದ ಕಾವನ್ನು ಅವು ಹೇಳುತ್ತವೆ. ಆದರೆ ನಡುವೆ ಎಲ್ಲಾದರೂ ತಾಕಿಕೊಂಡರೆ ಅವಕ್ಕೆ ಅದೇ ಬೆಸುಗೆ, ಆ ಜಾಗದ ಕಾವನ್ನೇ ಹೇಳುತ್ತವೆ. ಹೊಟ್ಟೆಯೊಳಗಿನ ಜ್ವರ ಅಳೆಯಬೇಕಾದದ್ದು ಹೊರಗಿನ ತಂಗಾಳಿ ಅಳೆಯುತ್ತಾ ಕೂತಿತ್ತು.

“ಕಡಿದಿದ್ರ ಗೊತ್ತಾಗ್ತಿತ್ತು, ಅಕ್ಕಾರ,” ಎಂದಳು ಹಸೀನಾ. “ಇದು ಕಡದಿಲ್ಲ. ಮಾತಾಡಾಕತ್ತೈತಿ. ಸುಳ್ಳು ಮಾತಾಡಾಕತ್ತೈತಿ.”

ಒಳಗಿನ ಇಟ್ಟಿಗೆ ಎಷ್ಟು ಕಾವಿಗೆ ಹೋದರೆ ತಗಡು ಸೋಲುತ್ತದೆ ಎಂದು ಶಿವಲೀಲಾ ಕೇಳಿದಳು. ತಗಡು ಸೋಲುವ ಮೊದಲೇ ಹಿಂದಿನ ಗೋಡೆಗೆ ಒರಗಿದ ಕಟ್ಟಿಗೆ, ಬಟ್ಟೆ ಹೊತ್ತಿಕೊಳ್ಳುತ್ತದೆ ಎಂದಳು ಹಸೀನಾ. ಇನ್ನೂ ಒಂದು ಮಾತು ಹೇಳಿದಳು. ಕರೆಂಟು ಕಡಿದರೂ ಅಪಾಯ ಮುಗಿಯುವುದಿಲ್ಲ. ಒಳಗೆ ಕೂತ ಕಾವು ಮೆಲ್ಲಗೆ ಹೊರಗಿನ ತಗಡಿಗೆ ಬರುತ್ತಲೇ ಇರುತ್ತದೆ. ಕಾಯಿಲು ಆರಿದ ಮೇಲೆಯೇ ಹೊರಮೈ ಹೆಚ್ಚು ಸುಡುತ್ತದೆ.

*

ಕೇಂದ್ರದ ಮುಖ್ಯಸ್ಥ ವಿರೂಪಾಕ್ಷಪ್ಪ ಹಾವನೂರರು ಇಬ್ಬರ ಮಾತನ್ನೂ ನಿಂತುಕೊಂಡೇ ಕೇಳಿದರು. ಅವರ ಬೆನ್ನ ಹಿಂದಿನ ಪರದೆಯಲ್ಲಿ ಗಾಳಿಯ ಗೆರೆ ಏರುತ್ತಲೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಈ ವರ್ಷದ ಅತಿ ಜೋರಿನ ಗಾಳಿ ಎಂದು ಹವಾಮಾನದವರು ತಿಳಿಸಿದ್ದರು. ಅಷ್ಟೂ ಕರೆಂಟು ನೀಲಿ ಚುಕ್ಕೆಗಳ ಬಾಯಿಗೇ ಹೋಗಬೇಕಿತ್ತು.

ಸುಳ್ಳು ಹೇಳುವ ಒಲೆಗಳನ್ನು ಹುಡುಕುವ ದಾರಿ ಶಿವಲೀಲಾಳ ಬಳಿ ಇತ್ತು. ಊರಿನ ಎಲ್ಲ ಕಾಯಿಲುಗಳನ್ನು ಒಮ್ಮೆಲೇ ಆರಿಸುವುದು, ಎಲ್ಲ ಫ್ಯಾನುಗಳನ್ನು ಕೇಂದ್ರದಿಂದಲೇ ಹಾಕುವುದು. ಸ್ವಲ್ಪ ಹೊತ್ತು ಕಾಯುವುದು. ತಂತಿ ನಿಜ ಹೇಳುತ್ತಿದ್ದರೆ ಅಂಕಿ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ, ಏಕೆಂದರೆ ಇಟ್ಟಿಗೆ ಅಷ್ಟು ಬೇಗ ಆರುವುದಿಲ್ಲ. ದಬಕ್ಕನೆ ಬಿದ್ದ ಅಂಕಿಯೆಲ್ಲ ಸುಳ್ಳು.

ಹಾವನೂರರು ತಕ್ಷಣ ಒಪ್ಪಲಿಲ್ಲ. ಅವರ ಹೆದರಿಕೆ ಸುಮ್ಮನಿನದಲ್ಲ. ಆ ಗಾಳಿಗೆ ಊರಿನ ಒಲೆಗಳೇ ಹೊಟ್ಟೆ. ಹೊಟ್ಟೆ ಒಮ್ಮೆಗೇ ಮುಚ್ಚಿದರೆ ಗುಡ್ಡದ ಯಂತ್ರಗಳನ್ನು ಆ ಬಿರುಸಿನಲ್ಲಿ ಹಿಡಿದು ನಿಲ್ಲಿಸಬೇಕು. ಹಿಂದೊಮ್ಮೆ ಹೀಗೆ ನಿಲ್ಲಿಸಲು ಹೋಗಿ ಒಂದು ರೆಕ್ಕೆ ಮುರಿದು ಹೊಲದಲ್ಲಿ ಬಿದ್ದಿತ್ತು. ಕೆಳಗೆ ಎತ್ತು ಕಟ್ಟಿದ್ದ ರೈತ ಕೂದಲೆಳೆಯಲ್ಲಿ ಉಳಿದಿದ್ದ. ಲೈನು ತಡೆಯದೆ ಬಿದ್ದುಹೋದರೆ ಜಿಲ್ಲೆಯೇ ಕತ್ತಲು.

ಅರ್ಧ ಊರು ಮೊದಲು, ಇನ್ನರ್ಧ ಆಮೇಲೆ ಮಾಡೋಣ ಎಂದರು ಅವರು. ಆ ಹೊತ್ತಿನಲ್ಲಿ ಉಳಿದ ಅರ್ಧಕ್ಕೆ ಇಮ್ಮಡಿ ಕರೆಂಟು ಹೋಗುತ್ತದೆ, ಅಲ್ಲಿಯೂ ಸುಳ್ಳು ಹೇಳುವ ಒಲೆಗಳಿವೆ ಎಂದಳು ಶಿವಲೀಲಾ. ಓಣಿ ಓಣಿಯಾಗಿ ಮಾಡಿದರೆ ಸಂಜೆಯಾಗುತ್ತದೆ ಎಂದಳು ಹಸೀನಾ. ಕೋಣೆಯಲ್ಲಿದ್ದವರೆಲ್ಲ ಪರದೆಗಳಿಂದ ಕಣ್ಣು ತೆಗೆದು ಈ ಮೂವರನ್ನು ನೋಡುತ್ತಿದ್ದರು.

“ನೀವು ಕಣ್ಣಾರೆ ಕಂಡ ಒಲಿ ಎಷ್ಟು, ಶಿವಲೀಲಾ ಅವರ?” ಎಂದು ಹಾವನೂರರು ಕೇಳಿದರು.

“ಒಂದು ಸರ್. ನಮ್ಮನೀದು.”

“ಒಂದು ಒಲಿ, ಒಂದು ಗುಜರಿ ಪೆಟಿಗಿ. ಇದರ ಮ್ಯಾಲೆ ಇಡೀ ಗುಡ್ಡ ನಿಲ್ಲಸು ಅಂತೀರಿ.”

“ಹೌದು ಸರ್. ನಮ್ಮ ಓಣಿಯೊಳಗ ಎಲ್ಲರೂ ಕೆಂಪು ಗುಂಡಿಗೆ ಕ್ಲಿಪ್ ಹಾಕ್ಯಾರ. ಆ ಗುಂಡಿ ಸುಮ್ಮಸುಮ್ಮನ ಜಿಗಿಯೂದಿಲ್ರಿ.”

ಹಾವನೂರರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತು ತಿಕ್ಕಿಕೊಂಡರು. ಆಮೇಲೆ ಯಾರಿಗೂ ಹೇಳದೆ ತಾವೇ ಫೋನೆತ್ತಿ ಗುಡ್ಡದ ಮೇಲಿನವರನ್ನು ಕರೆದರು. ರೆಕ್ಕೆಗಳನ್ನು ಗಾಳಿಗೆ ಓರೆ ಮಾಡಲು ಹೇಳಿದರು. ಗುಡ್ಡದವರು ಏನೋ ವಾದ ಹಾಕಿದಂತಿತ್ತು. “ಬರವಣಿಗೆಯೊಳಗ ಆಮ್ಯಾಲೆ ಕೊಡ್ತೇನಿ, ಈಗ ಹೇಳಿದ್ದು ಮಾಡ್ರಿ,” ಎಂದು ಫೋನು ಕೈಯಲ್ಲೇ ಹಿಡಿದು, ಶಿವಲೀಲಾಳ ಕಡೆ ತಲೆ ಆಡಿಸಿದರು.

ಅವಳು ತನ್ನ ಮುಂದಿನ ಪರದೆಯ ಗುಂಡಿ ಒತ್ತಿದಳು. ಊರಿನ ಕಾಯಿಲುಗಳೆಲ್ಲ ಆರಿದವು.

ಲೈನಿನ ಮೀಟರಿನ ಮುಳ್ಳು ಮೊದಲು ಮೇಲೆ ನೆಗೆದು ಕೆಂಪು ಗೆರೆಯನ್ನು ಮುಟ್ಟಿತು. ದೀಪಗಳು ಒಮ್ಮೆ ಅತಿಯಾಗಿ ಬೆಳಗಿದವು. ಎಲ್ಲೋ ಒಂದು ಬಲ್ಬು ಸಿಡಿಯಿತು. ಹಾವನೂರರು ಫೋನಿನಲ್ಲಿ ಒಂದೇ ಸಮನೆ, ಇನ್ನೂ ಓರೆ, ಇನ್ನೂ ಓರೆ ಎನ್ನುತ್ತಿದ್ದರು. ಮುಳ್ಳು ಕೆಂಪಿನ ಮೇಲೆಯೇ ನಡುಗುತ್ತಾ ನಿಂತಿತು. ಶಿವಲೀಲಾ ಅದನ್ನು ನೋಡಲಿಲ್ಲ. ಅವಳ ಕಣ್ಣು ನಕ್ಷೆಯ ಮೇಲಿತ್ತು. ನಲವತ್ತು ಸಾವಿರ ಫ್ಯಾನುಗಳು ಊರ ತುಂಬ ತಿರುಗುತ್ತಿದ್ದವು. ಚುಕ್ಕೆಗಳು ಕದಲಲಿಲ್ಲ. ಒಂದು ಗಳಿಗೆ ಅವಳಿಗೆ ತಾನೇ ತಪ್ಪಿದೆನೋ ಎನ್ನಿಸಿತು.

ಆಮೇಲೆ ರೈಲು ನಿಲ್ದಾಣದ ಹತ್ತಿರ ಒಂದು ಒಲೆಯ ಅಂಕಿ ದಬಕ್ಕನೆ ಬಿದ್ದು, ಅದರ ಚುಕ್ಕೆ ಕಪ್ಪಿಗೆ ತಿರುಗಿತು. ಅದರ ಪಕ್ಕ ಇನ್ನೊಂದು. ಹಳೆಯ ಊರಿನಲ್ಲಿ ಹತ್ತಾರು. ಬೆಟಗೇರಿಯ ನೇಕಾರರ ಓಣಿಗಳಲ್ಲಿ, ಎಲ್ಲಿ ಒಲೆಗಳನ್ನು ಎಲ್ಲಕ್ಕಿಂತ ಮೊದಲು ಕೂರಿಸಿದ್ದರೋ ಅಲ್ಲಿ, ಎಳ್ಳು ಚೆಲ್ಲಿದ ಹಾಗೆ.

“ಸಾಕು,” ಎಂದರು ಹಾವನೂರರು. ಕಪ್ಪಾದ ಒಲೆಗಳನ್ನು ಕೈಬಿಟ್ಟು ಉಳಿದವಕ್ಕೆ ಕರೆಂಟು ಮತ್ತೆ ಹರಿಯಿತು, ಮುಳ್ಳು ಕೆಳಗಿಳಿಯಿತು. ಕಪ್ಪು ಚುಕ್ಕೆಗಳು ಇನ್ನೂರಕ್ಕೂ ಹೆಚ್ಚಿದ್ದವು.

*

ಕೇಂದ್ರದಲ್ಲಿದ್ದವರೆಲ್ಲ ಫೋನು ಹಿಡಿದರು. ಹೇಳಬೇಕಾದದ್ದು ಇಷ್ಟೇ: ಕ್ಲಿಪ್ಪು ತೆಗೆಯಿರಿ, ಮೇನು ಇಳಿಸಬೇಡಿ, ಫ್ಯಾನು ನಿಲ್ಲಬಾರದು. ಗೂಡಿನ ಬಾಗಿಲು ತೆರೆದಿಡಿ, ಒಲೆಯ ಹಿಂದೆ ಏನಿದ್ದರೂ ಸರಿಸಿ. ನೀರು ಕಾಯಿಸಿ, ಕಾಳು ಹುರಿಯಿರಿ, ಏನಾದರೂ ಬೇಯಿಸುತ್ತಲೇ ಇರಿ.

ಒಬ್ಬಾಕೆ ಸಹಾಯವಾಣಿಯವರು ಹೇಳಿದ್ದಕ್ಕೆ ಇದು ಉಲ್ಟಾ ಇದೆಯಲ್ಲ ಎಂದು ಜಗಳ ತೆಗೆದಳು. ಹೋಟೆಲಿನಿಂದ ಊಟ ತರಿಸಿಕೊಂಡಿದ್ದೇವೆ, ಈಗ ಯಾಕೆ ಬೇಯಿಸಬೇಕು ಎಂದು ಇನ್ನೊಬ್ಬ ಗಂಡಸು ಕೇಳಿದ. ಕೆಲವರು ಇದು ಮೋಸದ ಕರೆ ಎಂದು ಫೋನಿಟ್ಟರು. ಶಿವಲೀಲಾ ಆಗ ಅತ್ತೆಗೆ ಫೋನು ಮಾಡಿದಳು. ನೀಲವ್ವನಿಗೆ ಊರಿನ ರೊಟ್ಟಿ ಬಡಿಯುವ ಹೆಂಗಸರೆಲ್ಲ ಗೊತ್ತು. ಅವರ ಮಾತನ್ನು ಯಾರೂ ಮೋಸ ಎನ್ನುವುದಿಲ್ಲ. ಯಾವ ಯಾವ ಓಣಿ ಎಂದಷ್ಟೇ ಕೇಳಿ ನೀಲವ್ವ ಫೋನಿಟ್ಟಳು. ಅದಾದ ಮೇಲೆ ಮನೆಗಳು ಸರಸರನೆ ಒಪ್ಪತೊಡಗಿದವು.

ಮಧ್ಯಾಹ್ನದ ಹೊತ್ತಿಗೆ ಉತ್ತರಿಸದ ಮನೆಗಳು ಬೆರಳೆಣಿಕೆಯಷ್ಟು ಉಳಿದವು. ಅವುಗಳಲ್ಲಿ ಒಂದು ಬೆಟಗೇರಿಯದು. ವಾರದಿಂದ ಊರಿನಲ್ಲೇ ಎಲ್ಲಕ್ಕಿಂತ ಹೆಚ್ಚು ಕರೆಂಟು ಕುಡಿದ ಒಲೆ ಅದೇ ಎಂದು ಹಸೀನಾ ಪರದೆ ತೋರಿಸಿದಳು. ರಿಪೇರಿಯವರು ಒಬ್ಬೊಬ್ಬರೂ ಒಂದೊಂದು ಮನೆಯಲ್ಲಿದ್ದರು. ಶಿವಲೀಲಾ ಸ್ಕೂಟರಿನ ಕೀಲಿ ತೆಗೆದುಕೊಂಡಳು.

ಗಾಳಿ ಸ್ಕೂಟರನ್ನು ರಸ್ತೆಯ ಅಂಚಿಗೆ ನೂಕುತ್ತಿತ್ತು. ದೂಳು ಕಣ್ಣಿಗೆ ಹೊಡೆಯುತ್ತಿತ್ತು. ನೇಕಾರರ ಓಣಿ ಹೊಕ್ಕಾಗ ಮಗ್ಗಗಳ ಸದ್ದಿನಲ್ಲಿ ಗಾಳಿಯ ಸದ್ದೂ ಮುಳುಗಿತು. ಹೇಳಿದ ನಂಬರಿನ ಮನೆಯ ಬಾಗಿಲು ಮುಚ್ಚಿತ್ತಷ್ಟೆ, ಚಿಲಕ ಹಾಕಿರಲಿಲ್ಲ. ಕೂಗಿದಳು, ಯಾರೂ ಓಗೊಡಲಿಲ್ಲ. ಬಾಗಿಲು ತಳ್ಳಿದಾಗ ಸುಟ್ಟ ಹತ್ತಿಯ ವಾಸನೆ ಮೂಗಿಗೆ ಹೊಡೆಯಿತು.

ಅಡುಗೆಮನೆಯಲ್ಲಿ ಒಲೆಗೂ ಗೋಡೆಗೂ ನಡುವೆ ಬಿದಿರಿನ ಗಳ ಕಟ್ಟಿ, ಬಣ್ಣ ಹಾಕಿದ ನೂಲಿನ ಲಡಿಗಳನ್ನು ಒಣಹಾಕಿದ್ದರು. ಮೋಡದ ದಿನಗಳಲ್ಲಿ ನೂಲು ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನೀಲಿ ನೂಲು ಅರ್ಧಕ್ಕರ್ಧ ಕಂದುಗಟ್ಟಿ ಸಣ್ಣಗೆ ಹೊಗೆಯಾಡುತ್ತಿತ್ತು. ಒಲೆಯಿಂದ ಮೂರು ಮಾರು ದೂರದಲ್ಲಿ, ಜಂತಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ, ಬೆಚ್ಚಗಿರಲೆಂದು ಮಲಗಿಸಿದ್ದ ಕೂಸು.

ಶಿವಲೀಲಾ ಮೊದಲು ಕೂಸನ್ನೆತ್ತಿದಳು. ಅದರ ಮೈಯೆಲ್ಲ ಬೆವೆತು ಕೆಂಪಾಗಿತ್ತು. ಎತ್ತಿದರೂ ಅದು ಕಣ್ಣು ಬಿಡಲಿಲ್ಲ. ಅವಳು ಓಡಿ ಹೊರಗಿನ ಕಟ್ಟೆಗೆ ಬಂದು, ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ಕೈಗೆ ಅದನ್ನು ತುರುಕಿ, ಕೂಸಿನ ಅವ್ವನ್ನ ಕರೀರಿ ಎಂದಷ್ಟೇ ಹೇಳಿ ಒಳಗೆ ತಿರುಗಿದಳು.

ಅಷ್ಟರಲ್ಲಿ ತೆರೆದ ಬಾಗಿಲಿಂದ ನುಗ್ಗಿದ ಗಾಳಿಗೆ ನೂಲು ಭಗ್ಗೆಂದಿತ್ತು.

ನೀರು ಹಾಕುವಂತಿರಲಿಲ್ಲ. ಒಲೆಯಲ್ಲಿ ಫ್ಯಾನಿನ ಕರೆಂಟಿತ್ತು. ಮೂಲೆಯಲ್ಲಿ ಮಡಿಸಿಟ್ಟ ಕೌದಿಯೊಂದನ್ನು ಎಳೆದು, ಹಂಡೆಯ ನೀರಿನಲ್ಲಿ ಅದ್ದಿದಳು. ಆಮೇಲೆ ಒಲೆಯ ಮೇನು ಇಳಿಸಿದಳು. ಗಳವನ್ನು ಒದ್ದು ಕೆಡವಿ, ಉರಿಯುವ ಲಡಿಗಳು ನೆಲಕ್ಕೆ ಬಿದ್ದಾಗ ಕೌದಿ ಹೊದಿಸಿ ಮೇಲೆ ಕುಕ್ಕರಿಸಿದಳು. ಒಂದು ಲಡಿ ಒಲೆಯ ಬೆನ್ನಿಗೆ ಅಂಟಿಕೊಂಡು ಉರಿಯುತ್ತಲೇ ಇತ್ತು. ಅದನ್ನು ಕೈಯಿಂದಲೇ ಕಿತ್ತಳು. ಅಂಗೈಯ ತೊಗಲು ತಗಡಿಗೆ ಹತ್ತಿಕೊಂಡದ್ದು ಅವಳಿಗೆ ಗೊತ್ತಾದದ್ದು ಆಮೇಲೆ.

ಉರಿ ಆರಿತು. ಆದರೆ ಫ್ಯಾನು ನಿಂತ ಆ ಕೆಲವು ನಿಮಿಷಗಳಲ್ಲಿಯೇ ಒಲೆಯ ತಗಡು ಟಿಣ್ ಟಿಣ್ ಎಂದು ಸದ್ದು ಮಾಡತೊಡಗಿತ್ತು. ಹಸೀನಾ ಹೇಳಿದ ಹಾಗೆ ಒಳಗಿನ ಕಾವು ಹೊರಗೆ ಬರುತ್ತಿತ್ತು. ಹೊಗೆಯಲ್ಲಿ ಕೆಮ್ಮುತ್ತಲೇ ಅವಳು ಕೆಂಪು ಗುಂಡಿಯ ಕ್ಲಿಪ್ಪು ಕಿತ್ತು, ಮೇನು ಏರಿಸಿದಳು. ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು ಗೂಡಿನ ಬಾಗಿಲು ಎಳೆದಳು. ಅದು ಕಾವಿಗೆ ಸೊಟ್ಟಗಾಗಿ ಹಿಡಿದುಕೊಂಡಿತ್ತು. ಎರಡನೆಯ ಸಲವೂ ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಮೂರನೆಯ ಸಲ ಎಳೆದಾಗ ಕಿರ್ರೆಂದು ತೆರೆಯಿತು. ಹೊರಬಿದ್ದ ಬಿಸಿಗೆ ಅವಳ ಹುಬ್ಬಿನ ಕೂದಲು ಸೀದವು. ಫ್ಯಾನು ತಿರುಗುತ್ತಿತ್ತು. ಕಿಟಕಿಗಳನ್ನೆಲ್ಲ ತೆರೆದು ಅವಳು ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದಳು.

ಕೂಸು ಅಳುತ್ತಿತ್ತು. ಅದರ ಅಳು ಕೇಳಿ ಶಿವಲೀಲಾಳಿಗೂ ಕಣ್ಣಲ್ಲಿ ನೀರು ಬಂತು.

ಕೂಸಿನ ತಾಯಿ ಕಸ್ತೂರಿ ಹಿತ್ತಲ ಮಗ್ಗದ ಶೆಡ್ಡಿನಿಂದ ಓಡಿಬಂದಿದ್ದಳು. ಎದುರು ಮನೆಯಾಕೆ ಅವಳ ಭುಜ ಹಿಡಿದು ಎಳೆಯುವವರೆಗೆ ಅವಳಿಗೆ ಏನೂ ಕೇಳಿಸಿರಲಿಲ್ಲ. ಮಗುವನ್ನು ಎದೆಗೊತ್ತಿಕೊಂಡು, ಒಳಗಿನ ಹೊಗೆಯನ್ನೂ ಅಪರಿಚಿತ ಹೆಂಗಸಿನ ಅಂಗೈಯನ್ನೂ ನೋಡುತ್ತಾ ನಿಂತಳು. ಅವಳು ಅಳಲಿಲ್ಲ. ಶಿವಲೀಲಾಳ ಹತ್ತಿರ ಬಂದು ಕೇಳಿದಳು: “ನೀವು ಕಾವು ಕೇಂದ್ರದವರೇನ್ರಿ?”

ಹೌದೆಂದಳು ಶಿವಲೀಲಾ.

“ಮೂರು ಸಲ ಫೋನ್ ಮಾಡೇನ್ರಿ ನಿಮಗ. ಗ್ವಾಡಿ ಸುಡತೈತಿ ಅಂತ ಹೇಳಿದೆ. ಗುಂಡಿ ಜಿಗೀತೈತಿ ಅಂತ ಹೇಳಿದೆ. ನಿಮ್ಮ ಒಲಿ ತಣ್ಣಗ ಐತಿ, ನಮ್ಮ ಪರದೆ ಮ್ಯಾಲೆ ಕಾಣಾಕತ್ತೈತಿ ಅಂದ್ರಿ.”

ಆ ಕರೆ ತೆಗೆದುಕೊಂಡವಳು ಶಿವಲೀಲಾ ಅಲ್ಲ. ಹಾಗೆಂದು ಹೇಳಬಹುದಿತ್ತು, ಹೇಳಲಿಲ್ಲ. ಕಸ್ತೂರಿ ಕೂಸನ್ನು ಎದುರು ಮನೆಯಾಕೆಗೆ ಕೊಟ್ಟು, ಒಂದು ಪಾತ್ರೆಯಲ್ಲಿ ತಣ್ಣೀರು ತಂದು, ಶಿವಲೀಲಾಳ ಕೈಯನ್ನು ಅದರಲ್ಲಿ ಮುಳುಗಿಸಿ, ತಾನೇ ಹಿಡಿದುಕೊಂಡು ಕೂತಳು.

*

ಆ ಒಲೆಯ ಕಾವು ಇಳಿಸುವುದು ಒಂದು ಮನೆಯ ಅಡುಗೆಯಿಂದ ಆಗುವ ಕೆಲಸವಾಗಿರಲಿಲ್ಲ. ಓಣಿಯ ಹೆಂಗಸರು ಹಿಟ್ಟು ಹಿಡಿದುಕೊಂಡು ಬಂದರು. ನೀಲವ್ವನೂ ಆಟೋ ಮಾಡಿಕೊಂಡು ಬಂದಳು, ಸೊಸೆಯ ಬಟ್ಟೆ ಸುತ್ತಿದ ಕೈ ನೋಡಿ, ನೇರ ಅಡುಗೆಮನೆಗೆ ಹೋದಳು. ಮೊದಮೊದಲು ಗೂಡಿಗಿಟ್ಟದ್ದೆಲ್ಲ ಸುಟ್ಟುಹೋಯಿತು. ಹಂಡೆ ಹಂಡೆ ನೀರು ಕುದಿದು ಆವಿಯಾಯಿತು. ಶೇಂಗಾ ಹುರಿದರು, ಕಡಲೆ ಹುರಿದರು. ಮಗ್ಗ ನಿಲ್ಲಿಸಿ ಬಂದ ಗಂಡಸರು ಹೊಸ್ತಿಲ ಹೊರಗೆ ನಿಂತು ಬಿಸಿ ಶೇಂಗಾ ಊದಿ ಊದಿ ತಿಂದರು. ಎಲ್ಲರ ಕಿವಿಯೂ ತಗಡಿನ ಟಿಣ್ ಟಿಣ್ ಸದ್ದಿನ ಮೇಲಿತ್ತು.

ಹೊತ್ತು ಮುಳುಗುವಾಗ ಆ ಸದ್ದು ನಿಂತಿತು. ರೊಟ್ಟಿ ಸುಡದೆ ಬೇಯತೊಡಗಿದವು.

ಹಾವನೂರರ ಫೋನು ಬಂತು. ಉಳಿದ ಮನೆಗಳಿಗೆಲ್ಲ ಜನ ತಲುಪಿದ್ದರು. ಹಳೆಯ ಊರಿನಲ್ಲಿ ಒಂದು ಅಡುಗೆಮನೆ ಸುಟ್ಟಿತ್ತು, ಮನೆಯವರು ಹೊರಗಿದ್ದರು. ಗುಡ್ಡದಲ್ಲಿ ಎಲ್ಲ ರೆಕ್ಕೆಗಳೂ ನೆಟ್ಟಗಿದ್ದವು. ಅವರು ಬಹಳ ದಣಿದಂತೆ ಮಾತಾಡುತ್ತಿದ್ದರು. ಕೊನೆಗೆ ಬೆಟಗೇರಿಯ ಒಲೆಯ ಬಗ್ಗೆ ಕೇಳಿದರು. ಮೇಲಿನವರಿಗೆ ವರದಿ ಹೋಗಬೇಕಿತ್ತು.

“ಈಗ ಎಷ್ಟು ಕಾವು ಐತಿ ಅಲ್ಲೆ?”

ಶಿವಲೀಲಾ ಬಾಗಿಲಿಂದ ಇಣುಕಿದಳು. ಒಲೆಯ ಮುಖದ ಮೇಲೆ ತೊಂಬತ್ತೆಂಟು ಎಂದಿತ್ತು. ಅದನ್ನು ಓದಲು ಬಾಯಿ ತೆರೆದವಳು ಹಾಗೇ ನಿಲ್ಲಿಸಿದಳು.

“ಒಂದ ನಿಮಿಷ ಸರ್,” ಎಂದು ಫೋನನ್ನು ಕಸ್ತೂರಿಯ ಕಡೆ ಚಾಚಿದಳು. “ಒಲಿ ಹೆಂಗೈತಿ ಅಂತ ಕೇಳಾಕತ್ತಾರ. ನೀವ ಹೇಳ್ರಿ.”

ಕಸ್ತೂರಿ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಫೋನು ತೆಗೆದುಕೊಂಡು, ಒಲೆಯ ಬಳಿ ಹೋಗಿ, ಹಿಂದಿನ ಗೋಡೆಯ ಮೇಲೆ ಅಂಗೈ ಇಟ್ಟಳು. ಕೈ ತೆಗೆಯದೆ ಹಾಗೇ ಇಟ್ಟುಕೊಂಡಳು.

“ಇನ್ನೂ ಬಿಸಿ ಐತ್ರಿ,” ಎಂದಳು. “ಖರೆ ಕೈ ಇಡಬಹುದು. ಇನ್ನೊಂದು ಬುಟ್ಟಿ ರೊಟ್ಟಿ ಆದ್ರ ಕೂಸನ್ನ ಒಳಗ ಮಲಗಸ್ತೇನಿ.”

ಆ ಕಡೆಯಿಂದ ಕಾಗದ ಸರಿಸಿದ ಸದ್ದು ಕೇಳಿಸಿತು. ಆಮೇಲೆ ಹಾವನೂರರು, ಇನ್ನೊಮ್ಮೆ ನಿಧಾನವಾಗಿ ಹೇಳಿರಿ ತಾಯಿ, ಬರೆದುಕೊಳ್ಳುತ್ತೇನೆ ಎಂದರು. ಕಸ್ತೂರಿ ಇನ್ನೊಮ್ಮೆ ಹೇಳಿದಳು.